ಜಪಾನಿನ ‘ಮೊ’ವಿಗೆ ಇಂಗ್ಲಿಷಿನ ದಲ್ಲಾಳಿ ಏಕೆ?

ಬೆಂಗಳೂರಿನಲ್ಲಿ ಜಪಾನೀ ಭಾಷೆಯನ್ನು ಕಲಿಯುವ ತರುಣ ತರುಣಿಯರ ಸಂಖ್ಯೆ ಈಗ ಸಣ್ಣದೇನೂ ಅಲ್ಲ. 1997ರಲ್ಲಿ ಟೊಯೋಟಾ ಕಂಪೆನಿಯವರು ಕಿರ್ಲೋಸ್ಕರರೊಡನೆ ಕೂಡಿ ಸ್ಥಾಪಿಸಿದ ಸಂಸ್ಥೆಯ ಕಾರ್ಖಾನೆ ಬಿಡದಿಯಲ್ಲಿದೆ. ಆ ದೇಶದ ಇತರ ಕಂಪೆನಿಗಳೂ ಇಲ್ಲಿಗೆ ಬಂದಿವೆ. 1984ರಲ್ಲಿ ಜಪಾನಿನವರು ಆರಂಭಿಸಿದ, ಈಗ ಐದು ಮಟ್ಟಗಳಲ್ಲಿ ನಡೆಯುವ ಭಾಷಾ ಸಾಮರ್ಥ್ಯ ಪರೀಕ್ಷೆಗೆ ನಮ್ಮ ಹುಡುಗರು ಈ ಊರಿನಲ್ಲಿಯೇ ಕುಳಿತು ಬರೆಯುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ, ಸಂತೋಷಪಡತಕ್ಕದ್ದು ಬೇಕಾದಷ್ಟಿದೆ. ನನ್ನ ಆಕ್ಷೇಪಣೆ ಇರುವುದು ಕಲಿಯುವ ದಾರಿಯ ವಿಷಯದಲ್ಲಿ. ಮೈಸೂರಿನಿಂದ ಮಂಡ್ಯಕ್ಕೆ ಹೋಗಬೇಕಾದವನನ್ನು ಮದರಾಸಿನ ಮೇಲೆ ಕಳುಹಿಸುವಂತೆ, ಕನ್ನಡಿಗನನ್ನು ಜಪಾನಿಗೆ ಇಂಗ್ಲಿಷಿನ ಮೇಲೆ ಕಳುಹಿಸುತ್ತಿದ್ದೇವೆ. ಹೋಗಿ ಸೇರುವುದಿಲ್ಲವೆಂದಲ್ಲ; ಸೇರುವ ಹೊತ್ತಿಗೆ ಅರ್ಧ ಆಯುಷ್ಯ ದಾರಿಯಲ್ಲೇ ಕಳೆದಿರುತ್ತದೆ.

ಇಡೀ ಭಾಷೆಯ ಮಾತು ಬೇಡ. ಒಂದೇ ಒಂದು ಅಕ್ಷರವನ್ನು ತೆಗೆದುಕೊಳ್ಳೋಣ. ಜಪಾನೀ ಭಾಷೆಯಲ್ಲಿ ‘ಮೊ’ ಎಂದು ಒಂದು ಅವ್ಯಯವಿದೆ. ಪದದ ಹಿಂದೆ ಬಂದು ಸೇರುವ ಸಣ್ಣ ಪ್ರತ್ಯಯ. ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗನ ನೋಟ್‌ಬುಕ್ಕನ್ನು ಈಚೆಗೆ ನೋಡಿದೆ. ‘ಮೊ’ ಎಂಬ ತಲೆಬರಹದ ಕೆಳಗೆ ಇಂಗ್ಲಿಷಿನಲ್ಲಿ ಒಂಬತ್ತು ಅರ್ಥಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದ: ‘ಆಲ್ಸೊ’ ಒಂದು, ‘ಬೋತ್’ ಎರಡು, ‘ನೈದರ್’ ಮೂರು, ‘ಈವನ್’ ನಾಲ್ಕು, ‘ನೋಬಡಿ’, ‘ನಥಿಂಗ್’ ಮುಂತಾದವು ಐದು, ‘ಆಲ್ವೇಸ್’ ಎಂಬುದು ಬೇರೆ ಪದವೆಂದು ಆರು, ‘ಈವನ್ ಇಫ್’ ಏಳು, ‘ಹೂಯೆವರ್’, ‘ವಾಟೆವರ್’ ಎಂಟು, ‘ಆಸ್ ಮೆನಿ ಆಸ್’ ಒಂಬತ್ತು. ಪ್ರತಿಯೊಂದಕ್ಕೂ ಒಂದೊಂದು ಬಣ್ಣದ ಗೆರೆ. ಪಾಪ, ಕಷ್ಟಪಟ್ಟಿದ್ದ. ಹುಟ್ಟಿ ಬೆಳೆದದ್ದು ಚಿಕ್ಕಮಗಳೂರಿನ ಕಡೆ, ಮನೆಮಾತು ಕನ್ನಡ. “ಇದು ಬಹಳ ತೊಡಕಿನ ಪ್ರತ್ಯಯ ಸಾರ್, ಒಂದೊಂದು ಕಡೆ ಒಂದೊಂದು ಅರ್ಥ ಕೊಡುತ್ತದೆ” ಎಂದ.

ಆ ಒಂಬತ್ತು ಅರ್ಥಗಳಿಗೆ ಪುಸ್ತಕದವರು ಕೊಟ್ಟಿರುವಂಥ ಉದಾಹರಣೆಗಳನ್ನು ಕನ್ನಡದಲ್ಲಿ ಹೇಳಿ ನೋಡಿ.

‘ವತಶಿ ಮೊ ಇಕು’ ಎಂದರೆ ನಾನೂ ಹೋಗುತ್ತೇನೆ. ‘ಚಿಚಿ ಮೊ ಹಹ ಮೊ’ ಎಂದರೆ ತಂದೆಯೂ ತಾಯಿಯೂ. ‘ಹಿತೊರಿ’ ಎಂದರೆ ಒಬ್ಬ. ‘ಹಿತೊರಿ ಮೊ ಇನೈ’, ಒಬ್ಬನೂ ಇಲ್ಲ. ‘ದರೆ’ ಎಂದರೆ ಯಾರು. ‘ದರೆ ಮೊ ಕೊನೈ’, ಯಾರೂ ಬರುವುದಿಲ್ಲ. ‘ನನಿ’ ಎಂದರೆ ಏನು. ‘ನನಿ ಮೊ’, ಏನೂ. ‘ದೊಕೊ’ ಎಂದರೆ ಎಲ್ಲಿ. ‘ದೊಕೊ ನಿ ಮೊ’, ಎಲ್ಲೂ. ‘ಇತ್ಸು’ ಎಂದರೆ ಯಾವಾಗ. ‘ಇತ್ಸು ಮೊ’, ಯಾವಾಗಲೂ. ಇಂಗ್ಲಿಷು ಬಲ್ಲವನಿಗೆ ‘ವೆನ್’ ಎಂಬುದರಿಂದ ‘ಆಲ್ವೇಸ್’ ಎಂಬುದು ಹೇಗೆ ಹುಟ್ಟಿತೆಂದು ಬಗೆಹರಿಯುವುದಿಲ್ಲ. ಆದ್ದರಿಂದಲೇ ಅವನು ಅದನ್ನು ಬೇರೆ ಪದವೆಂದು ಬಾಯಿಪಾಠ ಮಾಡುತ್ತಾನೆ. ಕನ್ನಡದ ಮಗುವಿಗೆ ಅದನ್ನು ವಿವರಿಸುವ ಅಗತ್ಯವೇ ಇಲ್ಲ.

ಮುಂದೆ ನೋಡಿ. ‘ಅಮೆ ಗ ಫುತ್ತೆ ಮೊ ಇಕು’: ಮಳೆ ಬಂದರೂ ಹೋಗುತ್ತೇನೆ. ‘ಯೊಂದೆ ಮೊ ವಕರನೈ’: ಓದಿಯೂ ತಿಳಿಯುವುದಿಲ್ಲ, ಓದಿದರೂ ತಿಳಿಯುವುದಿಲ್ಲ. ‘ದರೆ ಗ ಕಿತೆ ಮೊ’: ಯಾರು ಬಂದರೂ. ‘ಇಕುರ ಯೊಂದೆ ಮೊ ವಕರನೈ’: ಎಷ್ಟು ಓದಿದರೂ ತಿಳಿಯುವುದಿಲ್ಲ. ‘ಕಿತೆ ಮೊ, ಕೊನಕುತೆ ಮೊ’: ಬಂದರೂ, ಬರದಿದ್ದರೂ. ಒಂಬತ್ತು ಬಣ್ಣಗಳಲ್ಲಿ ಎಂಟು ಬಣ್ಣ ಒಂದೇ ಆಗಿಹೋಯಿತು. ಮಿಕ್ಕ ಒಂಬತ್ತನೆಯದರ ವಿಷಯ ಮುಂದೆ ಹೇಳುತ್ತೇನೆ. ಅದು ಬೇರೆಯೇ ಕಥೆ.

ಜಪಾನಿನ ‘ಮೊ’ ಕನ್ನಡದ ‘ಊ’. ಹೀಗೆಂದು ಮೊದಲ ದಿನವೇ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದರೆ ಆ ಹುಡುಗನ ಒಂದು ತಿಂಗಳು ಉಳಿಯುತ್ತಿತ್ತು. ಯಾರೂ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಇಂಗ್ಲಿಷಿನಲ್ಲಿ ಈ ಒಂದು ಕೆಲಸಕ್ಕೆ ಒಂದು ಮಾತಿಲ್ಲ. ಅದು ಆ ಭಾಷೆಯ ದೋಷವಲ್ಲ, ಅದರ ಸ್ವಭಾವ. ಅವರು ಇದೇ ಕೆಲಸವನ್ನು ಹತ್ತು ಪದಗಳಿಗೆ ಹಂಚಿಕೊಟ್ಟಿದ್ದಾರೆ. ಆದರೆ ಹತ್ತು ಪಾತ್ರೆಗಳಲ್ಲಿ ಹಂಚಿಟ್ಟ ನೀರನ್ನು ನೋಡಿ, ಕೆರೆಯಲ್ಲಿಯೂ ಹತ್ತು ಬಗೆಯ ನೀರಿದೆಯೆಂದು ಹೇಳುವವನನ್ನು ಏನೆನ್ನಬೇಕು? ‘ಮೊ’ವಿಗೆ ಒಂಬತ್ತು ಅರ್ಥಗಳಿವೆಯೆಂಬುದು ಜಪಾನೀ ಭಾಷೆಯನ್ನು ಕುರಿತ ಮಾತೇ ಅಲ್ಲ. ಅದನ್ನು ಅನುವಾದ ಮಾಡಲು ಇಂಗ್ಲಿಷಿಗೆ ಎಷ್ಟು ಪದಗಳು ಬೇಕಾದವು ಎಂಬುದರ ಲೆಕ್ಕ. ಆ ಲೆಕ್ಕವನ್ನು ಜಪಾನಿನ ವ್ಯಾಕರಣವೆಂದು ನಂಬಿ ಕನ್ನಡದ ಹುಡುಗ ಕಂಠಪಾಠ ಮಾಡುತ್ತಿದ್ದಾನೆ.

ಈ ರೋಗ ಹೊಸದಲ್ಲ. 1604ರಿಂದ 1608ರವರೆಗೆ ನಾಗಾಸಾಕಿಯಲ್ಲಿ ಅಚ್ಚಾದ ಜ್ವಾವ್ ರೊಡ್ರಿಗೆಸ್ ಎಂಬ ಪೋರ್ಚುಗೀಸ್ ಪಾದ್ರಿಯ ಜಪಾನೀ ವ್ಯಾಕರಣವನ್ನು ಆ ಭಾಷೆಯ ದೊಡ್ಡ ವ್ಯಾಕರಣಗಳಲ್ಲಿ ಒಂದೆಂದು ಹೇಳುತ್ತಾರೆ. ಆತ ಅಸಾಮಾನ್ಯ ಪಂಡಿತ; ಆ ಜನರೊಡನೆ ಅವರಂತೆಯೇ ಮಾತನಾಡಬಲ್ಲವನಾಗಿದ್ದ. ಆದರೂ ಆತನ ಕೈಯಲ್ಲಿದ್ದ ಅಚ್ಚು ಲ್ಯಾಟಿನ್ನಿನದು. ಪದದ ಹಿಂದೆ ಬರುವ ಪ್ರತ್ಯಯಗಳನ್ನು ಲ್ಯಾಟಿನ್ ವಿಭಕ್ತಿಗಳ ಕೋಷ್ಟಕದಲ್ಲಿ ಕೂರಿಸಲು ಆತ ಪಟ್ಟ ಪಾಡು ನೋಡಿದರೆ, ಕನ್ನಡವನ್ನು ಸಂಸ್ಕೃತದ ಏಳು ವಿಭಕ್ತಿಗಳಲ್ಲಿ ಕೂರಿಸಲು ನಮ್ಮವರು ಪಟ್ಟ ಪಾಡು ನೆನಪಾಗುತ್ತದೆ. ಆತನನ್ನು ದೂರುವಂತಿಲ್ಲ. ಆತನಿಗೆ ಬೇರೆ ಅಚ್ಚು ಎಲ್ಲಿತ್ತು? ನಮಗಾದರೋ ಸರಿಯಾದ ಅಚ್ಚು ಬಾಯಲ್ಲೇ ಇದೆ.

ಜಪಾನಿನವರು ತಮ್ಮ ಈ ಪ್ರತ್ಯಯಗಳನ್ನು ಗುರುತಿಸಿಕೊಂಡ ಬಗೆ ಇಲ್ಲಿ ಸ್ಮರಣೀಯ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅವರ ವಿದ್ವಾಂಸರು ಚೀನೀ ಗ್ರಂಥಗಳನ್ನು ತಮ್ಮ ಭಾಷೆಯಲ್ಲಿ ಓದಿ ಹೇಳಬೇಕಾಗಿತ್ತು. ಚೀನೀ ಲಿಪಿಯಲ್ಲಿ ಪದವಿದೆ, ಆದರೆ ಪದದ ಹಿಂದೆ ಬರಬೇಕಾದ ‘ಗೆ’, ‘ಅನ್ನು’, ‘ಊ’ಗಳಿಲ್ಲ. ಅದಕ್ಕಾಗಿ ಅವರು ಅಕ್ಷರದ ಮೂಲೆಗಳಲ್ಲಿ ಚುಕ್ಕೆಗಳನ್ನಿಡುವ ಒಂದು ಉಪಾಯ ಮಾಡಿದರು. ಈ ಮೂಲೆಯಲ್ಲಿ ಚುಕ್ಕೆಯಿದ್ದರೆ ಈ ಪ್ರತ್ಯಯ, ಆ ಮೂಲೆಯಲ್ಲಿದ್ದರೆ ಆ ಪ್ರತ್ಯಯ. ಅಂಥದೊಂದು ಪದ್ಧತಿಯ ನಾಲ್ಕು ಮೂಲೆಗಳ ಪ್ರತ್ಯಯಗಳನ್ನು ಕೂಡಿಸಿ ಓದಿದಾಗ ಬಂದ ‘ತೆನಿವೊಹ’ ಎಂಬುದೇ ಮುಂದೆ ಈ ವರ್ಗದ ಪದಗಳಿಗೆಲ್ಲ ಹೆಸರಾಯಿತು. ಪರಭಾಷೆಯನ್ನು ಓದುವಾಗ ಅವರು ಮಾಡಿದ್ದೇನು? ತಮ್ಮ ಭಾಷೆಯ ಜೀವ ಎಲ್ಲಿದೆಯೆಂದು ಚುಕ್ಕೆಯಿಟ್ಟು ಗುರುತಿಸಿಕೊಂಡರು. ಹದಿನೆಂಟನೆಯ ಶತಮಾನದ ಮಹಾಪಂಡಿತ ಮೊತೊಒರಿ ನೊರಿನಾಗ 1771ರಲ್ಲಿ ಪ್ರಕಟಿಸಿದ ಒಂದು ಕೋಷ್ಟಕದಲ್ಲಿ, ವಾಕ್ಯದ ನಡುವೆ ಯಾವ ಪ್ರತ್ಯಯ ಬಂದರೆ ಕೊನೆಯ ಕ್ರಿಯಾಪದ ಯಾವ ರೂಪ ತಾಳಬೇಕೆಂಬುದನ್ನು ಹಳೆಯ ಕಾವ್ಯಭಾಷೆಯಿಂದ ಹೆಕ್ಕಿ ತೋರಿಸಿದ. ಅದರಲ್ಲಿ ಮೊದಲ ಸಾಲಿನಲ್ಲೇ ‘ಮೊ’ ಕುಳಿತಿದೆ. ಅವನಿಗೆ ಲ್ಯಾಟಿನ್ನೂ ಬೇಕಾಗಲಿಲ್ಲ, ಇಂಗ್ಲಿಷೂ ಬೇಕಾಗಲಿಲ್ಲ.

ಈಗ ‘ಮೊ’ ಮಾಡುವ ಕೆಲಸವೇನೆಂಬುದನ್ನು ಕೊಂಚ ಬಿಡಿಸಿ ನೋಡೋಣ. ಅದರ ಆಜ್ಞೆ ಒಂದೇ: ‘ಇದನ್ನು ಸೇರಿಸಿಕೊ’. ನಾನೂ ಎಂದಾಗ, ಹೋಗುವವರ ಪಟ್ಟಿಗೆ ನನ್ನನ್ನು ಸೇರಿಸುತ್ತದೆ. ತಂದೆಯೂ ತಾಯಿಯೂ ಎಂದಾಗ, ಒಬ್ಬರನ್ನು ಸೇರಿಸಿ ಇನ್ನೊಬ್ಬರನ್ನೂ ಸೇರಿಸುತ್ತದೆ. ‘ಯಾರು’ ಎಂಬ ಪದದಲ್ಲಿ ಗೊತ್ತಾದ ವ್ಯಕ್ತಿಯಿಲ್ಲ, ಬರಿಯ ತೆರಪಿದೆ. ಆ ತೆರಪಿಗೆ ‘ಸೇರಿಸಿಕೊ’ ಎಂದರೆ ಯಾರನ್ನೂ ಬಿಡುವಂತಿಲ್ಲ, ಎಲ್ಲರನ್ನೂ ಸೇರಿಸಬೇಕಾಗುತ್ತದೆ. ಆದ್ದರಿಂದ ‘ಯಾರೂ ಬರಲಿಲ್ಲ’ ಎಂದರೆ ಊರೆಲ್ಲ ಬರಲಿಲ್ಲ. ಒಂದು ಎಂಬುದು ಎಣಿಕೆಯ ಕೊನೆಯ ಮೆಟ್ಟಿಲು. ಆ ಮೆಟ್ಟಿಲನ್ನೂ ಸೇರಿಸಿ ‘ಇಲ್ಲ’ ಎಂದರೆ ಮೇಲಿನ ಮೆಟ್ಟಿಲುಗಳೆಲ್ಲ ತಾವಾಗಿ ಬಿದ್ದುಹೋಗುತ್ತವೆ. ‘ಬಂದರೂ’ ಎಂಬಲ್ಲಿಯೂ ಇದೇ. ಮಳೆ ಬಾರದಿದ್ದರೆ ಹೋಗುವುದು ಇದ್ದೇ ಇದೆ. ಮಳೆ ಬರುವ ಸಂದರ್ಭವನ್ನೂ ಅದರೊಡನೆ ಸೇರಿಸಿಕೊಂಡು ಮಾತು ಕೊಡುತ್ತೇವೆ. ನಮ್ಮ ಹಳಗನ್ನಡದವರು ‘ಆನುಂ ನೀನುಂ’ ಎನ್ನುತ್ತಿದ್ದ ‘ಉಂ’ ಇದೇ. ವ್ಯಾಕರಣಕಾರರು ಅದನ್ನು ಸಮುಚ್ಚಯವೆಂದು ಕರೆದರು, ಅಂದರೆ ಗುಂಪುಗೂಡಿಸುವುದು. ಹೆಸರು ಸರಿಯಾಗಿಯೇ ಇದೆ.

ಇದರ ಜೊತೆಗಾರ ಇನ್ನೊಂದಿದೆ. ಅದರ ಹೆಸರು ‘ಕ’. ನಮ್ಮಲ್ಲಿ ಅದು ‘ಓ’. ‘ದರೆ ಕ’ ಎಂದರೆ ಯಾರೋ. ‘ನನಿ ಕ’ ಏನೋ. ‘ಇತ್ಸು ಕ’ ಯಾವಾಗಲೋ. ‘ಇತ್ಸು ಕುರು ಕ ಶಿರನೈ’ ಎಂದರೆ ಯಾವಾಗ ಬರುತ್ತಾನೋ ತಿಳಿಯದು. ಸೇರಿಸುವುದು ಒಂದರ ಕೆಲಸ, ನಿರ್ಧರಿಸದೆ ಬಿಡುವುದು ಇನ್ನೊಂದರ ಕೆಲಸ. ಪ್ರಶ್ನಾರ್ಥಕವೆಂದು ನಾವು ಕರೆಯುವ ಪದಗಳಲ್ಲಿ ನಿಜವಾಗಿ ಪ್ರಶ್ನೆಯಿಲ್ಲ, ಪ್ರತ್ಯಯ ಬಂದ ಮೇಲಷ್ಟೇ ಅವು ಒಂದು ಕಡೆ ವಾಲುತ್ತವೆ ಎಂಬ ವಿಚಾರವನ್ನು ಜಪಾನೀ ಭಾಷೆಯ ಮಟ್ಟಿಗೆ ಎಸ್. ವೈ. ಕುರೋಡ ಅವರು 1965ರ ತಮ್ಮ ಪ್ರಬಂಧದಲ್ಲಿ ಎತ್ತಿದರು. ಮಲಯಾಳದ ‘ಉಂ’ ಮತ್ತು ‘ಓ’ಗಳನ್ನು ಕುರಿತು ಕೆ. ಎ. ಜಯಶೀಲನ್ ಅವರು 2001ರಲ್ಲಿ ಬರೆದರು. ನಮ್ಮವರೇ ಆದ ಡಿ. ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡಿನಿಂದ ಬಂದ ತಮ್ಮ ಸರ್ವನಾಮಗಳ ಗ್ರಂಥದಲ್ಲಿ ಪ್ರಪಂಚದ ಅನೇಕ ಭಾಷೆಗಳನ್ನು ಮುಂದಿಟ್ಟುಕೊಂಡು ಈ ಒಗಟನ್ನು ಚರ್ಚಿಸಿದ್ದಾರೆ. ಪಂಡಿತರ ಲೋಕದಲ್ಲಿ ಇದು ಗುಟ್ಟಲ್ಲ. ತರಗತಿಯ ಬಾಗಿಲೊಳಕ್ಕೆ ಮಾತ್ರ ಬಂದಿಲ್ಲ.

ಈ ಮಾತಿಗೆ ಬರುವ ಮೊದಲ ಉತ್ತರ ನನಗೆ ಗೊತ್ತು. “ಬೆಂಗಳೂರಿನ ತರಗತಿಯಲ್ಲಿ ಕನ್ನಡಿಗರಷ್ಟೇ ಕೂರುವುದಿಲ್ಲ ಸ್ವಾಮಿ, ತಮಿಳರು, ತೆಲುಗರು, ಮಲಯಾಳಿಗಳು, ಹಿಂದಿಯವರು ಎಲ್ಲರೂ ಇರುತ್ತಾರೆ. ಎಲ್ಲರಿಗೂ ಸಾಮಾನ್ಯವಾದದ್ದು ಇಂಗ್ಲಿಷು.” ಈ ವಾದದ ತಮಾಷೆ ನೋಡಿ. ತಮಿಳನು ‘ಯಾರುಂ’ ಎನ್ನುತ್ತಾನೆ, ‘ವಂದಾಲುಂ’ ಎನ್ನುತ್ತಾನೆ. ತೆಲುಗನು ‘ಎವರೂ’ ಎನ್ನುತ್ತಾನೆ, ‘ವಚ್ಚಿನಾ’ ಎನ್ನುತ್ತಾನೆ. ಮಲಯಾಳಿಗೆ ‘ಆರುಂ’, ‘ವನ್ನಾಲುಂ’ ಇದೆ. ಹಿಂದಿಯವನಿಗೆ ‘ಭೀ’ ಇದೆ: ‘ಮೈ ಭೀ’, ‘ಕೋಯೀ ಭೀ’, ‘ಏಕ್ ಭೀ ನಹೀಂ’, ‘ಫಿರ್ ಭೀ’. ತರಗತಿಯಲ್ಲಿ ಕೂತ ಮೂವತ್ತು ಮಂದಿಯ ಜೇಬಿನಲ್ಲಿಯೂ ಬೀಗದ ಕೈ ಇದೆ. ಕೈ ಇಲ್ಲದ ಒಂದೇ ಭಾಷೆಯನ್ನು ಹುಡುಕಿ ಆರಿಸಿ, ಅದರಿಂದಲೇ ಬೀಗ ತೆಗೆಯಬೇಕೆಂದು ಹಟ ಹಿಡಿದಿದ್ದೇವೆ. ಅಧ್ಯಾಪಕರು ಮೂವತ್ತು ಭಾಷೆ ಕಲಿಯಬೇಕಾಗಿಲ್ಲ. “ನಿಮ್ಮ ನಿಮ್ಮ ಮನೆಮಾತಿನಲ್ಲಿ ‘ನಾನೂ’, ‘ಯಾರೂ’, ‘ಬಂದರೂ’ ಎಂಬ ಮೂರು ಮಾತುಗಳನ್ನು ಬರೆದು ತನ್ನಿ” ಎಂದು ಒಂದು ದಿನ ಹೇಳಿದರೆ ಸಾಕು.

ಇನ್ನು ಕೆಲವರು, ಯಾವ ಭಾಷೆಯ ಸಹಾಯವೂ ಬೇಡ, ಜಪಾನಿಯನ್ನು ಜಪಾನಿಯಲ್ಲೇ ಕಲಿಸಬೇಕೆನ್ನುತ್ತಾರೆ. ಒಳ್ಳೆಯದು. ಹಾಗೆ ಮಾಡುವವರೊಡನೆ ನನಗೆ ಜಗಳವಿಲ್ಲ. ಆದರೆ ಅವರ ಶಿಷ್ಯರು ಮನೆಗೆ ಹೋಗಿ ಇಂಗ್ಲಿಷ್ ಟಿಪ್ಪಣಿಗಳ ಪುಸ್ತಕವನ್ನೇ ತೆರೆಯುತ್ತಾರೆಂಬುದು ಅವರಿಗೂ ಗೊತ್ತು.

ಹೋಲಿಕೆಯನ್ನು ಹೇಳುವವನು ಭೇದವನ್ನೂ ಹೇಳಬೇಕು. ಹೇಳದಿದ್ದರೆ ಅದು ಮೋಸವಾಗುತ್ತದೆ. ನೋಟ್‌ಬುಕ್ಕಿನ ಒಂಬತ್ತನೆಯ ಅರ್ಥವನ್ನು ಈಗ ನೋಡೋಣ. ‘ಸನ್ನಿನ್’ ಎಂದರೆ ಮೂರು ಜನ. ‘ಸನ್ನಿನ್ ಮೊ ಕಿತ’ ಎಂಬುದನ್ನು ಕನ್ನಡಿಗನು ನೇರವಾಗಿ ‘ಮೂವರೂ ಬಂದರು’ ಎಂದು ತಿಳಿದರೆ ಕೆಟ್ಟ. ನಮ್ಮ ‘ಮೂವರೂ’ ಎಂಬುದರಲ್ಲಿ ಇರುವುದೇ ಮೂವರು, ಅವರಲ್ಲಿ ಯಾರೂ ತಪ್ಪಲಿಲ್ಲ ಎಂದು ಅರ್ಥ. ಜಪಾನಿಯ ಮಾತಿನಲ್ಲಿ ಬೆರಗಿದೆ: ಒಬ್ಬ ಬಂದರೆ ಹೆಚ್ಚು ಎಂದುಕೊಂಡಿದ್ದೆವು, ಮೂರು ಜನ ಬಂದುಬಿಟ್ಟರು! ನಾವು ಅದನ್ನು ‘ಮೂರು ಮೂರು ಜನ ಬಂದರು’ ಎಂದೋ, ದನಿಯನ್ನು ಎಳೆದೋ ಹೇಳುತ್ತೇವೆ. ಆಫೀಸಿನಲ್ಲಿ ಕುಳಿತು ಜಪಾನಿನಿಂದ ಬಂದ ಕಾಗದವನ್ನು ಅನುವಾದ ಮಾಡುವವನು ಇಲ್ಲಿ ಎಡವಿದರೆ, ಕರೆದವರೆಲ್ಲ ಬಂದರೆಂದು ಬರೆದುಬಿಡುತ್ತಾನೆ.

ಇನ್ನೊಂದು ಭೇದವಿದೆ. ಕನ್ನಡದಲ್ಲಿ ‘ಊ’ ವಿಭಕ್ತಿಯ ಮೇಲೆ ಕೂರುತ್ತದೆ, ವಿಭಕ್ತಿಯನ್ನು ಓಡಿಸುವುದಿಲ್ಲ. ಪುಸ್ತಕವನ್ನು, ಪುಸ್ತಕವನ್ನೂ. ಜಪಾನೀ ‘ಮೊ’ ಸ್ವಲ್ಪ ದರ್ಪದ ಪ್ರತ್ಯಯ. ಕರ್ತೃವನ್ನು ತೋರುವ ‘ಗ’ವನ್ನೂ, ಕರ್ಮವನ್ನು ತೋರುವ ‘ಒ’ವನ್ನೂ ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ‘ಹೊನ್ ಒ ಯೊಮು’ ಎಂದರೆ ಪುಸ್ತಕವನ್ನು ಓದುತ್ತಾನೆ. ಪುಸ್ತಕವನ್ನೂ ಓದುತ್ತಾನೆ ಎನ್ನಬೇಕಾದರೆ ‘ಹೊನ್ ಮೊ ಯೊಮು’. ಆದರೆ ‘ನಿ’, ‘ಕರ’ ಮುಂತಾದವುಗಳ ತಂಟೆಗೆ ಅದು ಹೋಗುವುದಿಲ್ಲ: ‘ತೋಕ್ಯೊ ನಿ ಮೊ’ ಎಂದರೆ ತೋಕಿಯೊಗೂ, ‘ತೋಕ್ಯೊ ಕರ ಮೊ’ ಎಂದರೆ ತೋಕಿಯೊದಿಂದಲೂ. ಅಲ್ಲಿ ಮತ್ತೆ ಅಕ್ಷರಕ್ಕೆ ಅಕ್ಷರ ಕನ್ನಡವೇ.

‘ಇಕುತ್ಸು’ ಎಂದರೆ ಎಷ್ಟು. ‘ಇಕುತ್ಸು ಮೊ ಅರು’ ಎಂದು ಅವರು ‘ಮೊ’ ಹಚ್ಚಿ ಹೇಳಿದರೆ, ನಾವು ‘ಎಷ್ಟೋ ಇವೆ’ ಎಂದು ‘ಓ’ ಹಚ್ಚಿ ಹೇಳುತ್ತೇವೆ. ಅವರು ಎಣಿಸಿ ಸೇರಿಸುತ್ತಾ ಹೋಗುತ್ತಾರೆ. ನಾವು ಎಣಿಸಲಾರೆವೆಂದು ಕೈಬಿಡುತ್ತೇವೆ. ಬಹಳವೆಂಬ ಅರ್ಥ ಮಾತ್ರ ಎರಡು ದಾರಿಯಿಂದಲೂ ಬಂತು. ನನಗೆ ಇದರಷ್ಟು ಸೊಗಸಾದ ಭೇದ ಇನ್ನೊಂದು ಕಾಣಲಿಲ್ಲ. ‘ದರೆ ಮೊ’ ಎಂಬುದನ್ನು ‘ಗ’ ಸೇರಿಸಿ ಅಸ್ತ್ಯರ್ಥದಲ್ಲಿಯೂ ಅವರು ಬಳಸುತ್ತಾರೆ, ಎಲ್ಲರೂ ಎಂಬರ್ಥದಲ್ಲಿ; ನಾವು ‘ಯಾರೂ ಬಂದರು’ ಎನ್ನುವುದಿಲ್ಲ. ಅವರ ಕಿವಿಗೆ ಆ ಎರಡರ ಸ್ವರದ ಏರಿಳಿತವೇ ಬೇರೆ.

ಈಗ ಕೇಳುತ್ತೇನೆ: ಈ ಗುಂಡಿಗಳನ್ನು ಇಂಗ್ಲಿಷ್ ಪುಸ್ತಕ ತೋರಿಸುತ್ತದೆಯೆ? ತೋರಿಸಲಾರದು. ಕನ್ನಡಿಗನು ಎಲ್ಲಿ ಎಡವುತ್ತಾನೆಂಬುದು ಅದಕ್ಕೆ ಗೊತ್ತಿಲ್ಲ. ಲಂಡನ್ನಿನವನು ಎಡವುವ ಕಡೆ ಅದು ದೀಪ ಹಿಡಿಯುತ್ತದೆ. ನಾವು ಹಗಲು ಬೆಳಕಿನಲ್ಲಿ ನಡೆಯಬಲ್ಲ ಕಡೆ ದೀಪ ಹಿಡಿದು, ನಮ್ಮ ಗುಂಡಿಯ ಬಳಿ ಆರಿಸಿಬಿಡುತ್ತದೆ. ಮಾತೃಭಾಷೆಯ ಮೂಲಕ ಕಲಿಯುವುದೆಂದರೆ ಸುಲಭದ ದಾರಿ ಹಿಡಿಯುವುದೆಂದು ಕೆಲವರು ಮೂಗು ಮುರಿಯುತ್ತಾರೆ. ನಿಜವಾದ ಕಷ್ಟ ಎಲ್ಲಿದೆಯೆಂದು ತಿಳಿಯಲು ಕೂಡ ಅದೇ ದಾರಿ ಬೇಕು.

ಇನ್ನೊಂದು ಕಡೆಯಿಂದ ಬರುವ ಗೆಳೆಯರ ವಿಷಯದಲ್ಲಿ ನಾನು ಇನ್ನೂ ಹೆಚ್ಚು ಎಚ್ಚರವಾಗಿರಬೇಕಾಗಿದೆ. ‘ಉಂ’ ಮತ್ತು ‘ಮೊ’ ಎರಡರಲ್ಲಿಯೂ ಮಕಾರವಿದೆಯೆಂದ ಕೂಡಲೆ ಹಿಗ್ಗಿ, ಜಪಾನಿನವರು ದ್ರಾವಿಡರ ದಾಯಾದಿಗಳೆಂದು ಘೋಷಿಸುವವರು ನಮ್ಮಲ್ಲಿದ್ದಾರೆ. ಜಪಾನಿನ ಒಒನೊ ಸುಸುಮು ಎಂಬ ಹಿರಿಯ ವಿದ್ವಾಂಸರೇ ಜಪಾನಿಗೂ ತಮಿಳಿಗೂ ಸಂಬಂಧವಿದೆಯೆಂದು ಬಹುಕಾಲ ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಅದನ್ನು ಒಪ್ಪಲಿಲ್ಲ. ಒಪ್ಪದಿರಲು ಕಾರಣವನ್ನು ಈ ಪ್ರತ್ಯಯವೇ ಹೇಳುತ್ತದೆ. ಕೊರಿಯಾದವರಲ್ಲಿ ‘ದೊ’ ಎಂದು ಒಂದಿದೆ: ‘ನಾ ದೊ’ ಎಂದರೆ ನಾನೂ, ‘ಹನ ದೊ’ ಎಂದರೆ ಒಂದೂ (ಇಲ್ಲ), ‘ವಾ ದೊ’ ಎಂದರೆ ಬಂದರೂ. ಕೆಲಸ ಅದೇ, ಮಕಾರವಿಲ್ಲ. ಹಿಂದಿಯ ‘ಭೀ’ ಬೇರೆಯೇ ವಂಶದ್ದು, ಕೆಲಸ ಅದೇ. ಕೆಲಸ ಒಂದೇ ಎಂದು ನೆಂಟಸ್ತನ ಹಚ್ಚುವುದಾದರೆ ಊರಿನ ಬಡಗಿಗಳೆಲ್ಲ ಒಂದೇ ತಾಯಿಯ ಮಕ್ಕಳಾಗಬೇಕಾದೀತು. ನಮಗೆ ಬೇಕಾದದ್ದು ನೆಂಟಸ್ತನವಲ್ಲ, ಅನುಕೂಲ. ಅದಕ್ಕೆ ವಂಶವೃಕ್ಷ ಬೇಕಾಗಿಲ್ಲ.

ಇದು ಪರೀಕ್ಷೆ ಬರೆಯುವವರ ತೊಂದರೆ ಮಾತ್ರವಾಗಿದ್ದರೆ ಸಾಹಿತ್ಯದ ಪುಟದಲ್ಲಿ ಇಷ್ಟು ಜಾಗ ಕೇಳುತ್ತಿರಲಿಲ್ಲ. ಕನ್ನಡಕ್ಕೆ ಬಂದಿರುವ ಜಪಾನೀ ಕಥೆ ಕವಿತೆಗಳಲ್ಲಿ ಬಹುಪಾಲು ಇಂಗ್ಲಿಷಿನಿಂದ ಬಂದವು. 1968ರಲ್ಲಿ ಕವಾಬಾತಾ ಅವರಿಗೆ ನೊಬೆಲ್ ಪಾರಿತೋಷಕ ಬಂದ ಮೇಲೆ ನಮ್ಮ ಆಸಕ್ತಿ ಹೆಚ್ಚಿತೆಂಬುದು ನಿಜ; ದಾರಿ ಬದಲಾಗಲಿಲ್ಲ. ಆ ದಾರಿಯಲ್ಲಿ ಮೊದಲು ಉದುರಿಹೋಗುವುದು ಇಂಥ ಒಂದಕ್ಷರದ ಪದಗಳು.

‘ಯೊ ಮೊ ಫುಕೆತ’ ಎಂದು ಜಪಾನೀ ಕಥೆಯೊಂದರಲ್ಲಿ ಬಂದಿತೆನ್ನಿ. ‘ಯೊ’ ಎಂದರೆ ರಾತ್ರಿ. ರಾತ್ರಿಯೂ ಬಹಳವಾಯಿತು. ಇಂಗ್ಲಿಷಿಗೆ ತಿರುಗಿಸುವವನು ‘ಮೊ’ವಿಗೆ ‘ಆಲ್ಸೊ’ ಎಂದು ಬರೆದರೆ ಓದುಗ ಬೆಚ್ಚಿಬೀಳುತ್ತಾನೆ: ರಾತ್ರಿಯಲ್ಲದೆ ಇನ್ನೇನು ಬಹಳವಾಯಿತು? ಆದ್ದರಿಂದ ಅವನು ಅದನ್ನು ಬಿಟ್ಟುಬಿಡುತ್ತಾನೆ. ಬಿಡುವುದೇ ಅಲ್ಲಿ ಸರಿ. ನಮ್ಮವನು ಆ ಇಂಗ್ಲಿಷನ್ನು ನೋಡಿ ‘ರಾತ್ರಿ ಬಹಳವಾಯಿತು’ ಎಂದು ಬರೆಯುತ್ತಾನೆ. ತಪ್ಪಿಲ್ಲ, ಆದರೆ ಏನೋ ಹೋಯಿತು. ‘ರಾತ್ರಿಯೂ ಬಹಳವಾಯಿತು’ ಎಂದು ಮನೆಯಲ್ಲಿ ಅಜ್ಜಿ ಹೇಳಿದಾಗ ಜೊತೆಗೆ ಏನು ಬಹಳವಾಯಿತೆಂದು ಯಾರೂ ಕೇಳುವುದಿಲ್ಲ. ಮಾತು ಮುಗಿದಿದೆ, ದೀಪದ ಎಣ್ಣೆ ತೀರಿದೆ, ಬಂದವರು ಏಳುವ ಹೊತ್ತಾಗಿದೆ. ಅವುಗಳ ಸಾಲಿಗೆ ರಾತ್ರಿಯನ್ನು ಸೇರಿಸಿದಳು, ಉಳಿದವನ್ನು ಹೇಳಲಿಲ್ಲ. ‘ನತ್ಸು ಮೊ ಒವತ್ತ’ ಎಂದರೆ ಬೇಸಿಗೆಯೂ ಮುಗಿಯಿತು. ‘ವಯಸ್ಸೂ ಆಯಿತಲ್ಲ’ ಎನ್ನುವಾಗ ನಾವು ಉಸಿರುಬಿಡುವುದು ಆ ‘ಊ’ಕಾರದಲ್ಲಿ. ಹೇಳದೆ ಉಳಿದದ್ದರ ಭಾರವನ್ನೆಲ್ಲ ಹೊತ್ತ ಈ ‘ಮೊ’ ಕನ್ನಡಕ್ಕೆ ಒಂದು ಕೂದಲೂ ಕೊಂಕದೆ ಬರಬಲ್ಲುದು. ನಾವು ಅದನ್ನು ಲಂಡನ್ನಿನ ಸುಂಕದ ಕಟ್ಟೆಯಲ್ಲಿ ಕಳೆದುಕೊಂಡು ಬರುತ್ತಿದ್ದೇವೆ.

ಇದಕ್ಕಿಂತ ಹೆಚ್ಚಿನ ಉದಾಹರಣೆ ‘ದೆಮೊ’ ಎಂಬುದು. ‘ಆಗಿ’ ಎಂಬಂಥ ಅರ್ಥದ ‘ದೆ’ಗೆ ‘ಮೊ’ ಸೇರಿ ಆದದ್ದು. ವಾಕ್ಯದ ಮೊದಲಲ್ಲಿ ಬಂದರೆ ‘ಆದರೂ’. ‘ದರೆ ದೆಮೊ’ ಎಂದರೆ ಯಾರಾದರೂ, ಯಾರು ಬೇಕಾದರೂ. ‘ಇತ್ಸು ದೆಮೊ’ ಎಂದರೆ ಯಾವಾಗ ಬೇಕಾದರೂ. ‘ಒಚ ದೆಮೊ ನೊಮಿಮಶೋ ಕ’ ಎಂಬುದು ಅವರಲ್ಲಿ ದಿನಬೆಳಗಾದರೆ ಕೇಳಿಬರುವ ಮಾತು. ಇಂಗ್ಲಿಷ್ ಟಿಪ್ಪಣಿಕಾರರು ಇಲ್ಲಿ ಬೆವರುತ್ತಾರೆ. ‘ಚಹಾ ಅಥವಾ ಅಂಥದೇನನ್ನೋ’ ಎಂಬರ್ಥ ಬರುವಂತೆ ಏನೋ ಕಟ್ಟುತ್ತಾರೆ. ನಾವು ‘ಚಹಾನಾದರೂ ಕುಡಿಯೋಣವೇ?’ ಎನ್ನುತ್ತೇವೆ. ನೂರಕ್ಕೆ ನೂರು ಒಂದೇ ಎನ್ನಲಾರೆ. ನಮ್ಮ ‘ಆದರೂ’ವಿನಲ್ಲಿ ಅತಿಥೇಯನ ಒತ್ತಾಯವಿದೆ: ಊಟ ಬೇಡವೆಂದಿರಿ, ಕಾಫಿಯನ್ನಾದರೂ ತೆಗೆದುಕೊಳ್ಳದೆ ಹೇಗೆ ಹೋಗುತ್ತೀರಿ? ಅವರ ‘ದೆಮೊ’ವಿನಲ್ಲಿ ಒತ್ತಾಯವಿಲ್ಲ, ಬಿಡುಬೀಸು ಇದೆ: ಚಹಾ ಎಂದದ್ದು ಒಂದು ನೆಪ, ನಿಮಗೆ ಬೇರೇನಾದರೂ ಇಷ್ಟವಾದರೆ ಅದೇ ಆಗಲಿ. ಎರಡು ನಾಡುಗಳ ಉಪಚಾರದ ರೀತಿಯೇ ಒಂದಕ್ಷರದಲ್ಲಿ ಬೇರೆಯಾಯಿತು. ಈ ಸೂಕ್ಷ್ಮವನ್ನು ಕಾಣಬೇಕಾದರೆ ಮೊದಲು ಎರಡನ್ನೂ ಪಕ್ಕಪಕ್ಕದಲ್ಲಿ ಇಡಬೇಕು. ನಡುವೆ ಮೂರನೆಯವನು ನಿಂತಿದ್ದರೆ ಕಾಣುವುದು ಅವನ ಬೆನ್ನು.

ತಪ್ಪು ಜಪಾನೀ ಕಲಿಸುವವರದು ಮಾತ್ರವೆಂದರೆ ಅನ್ಯಾಯವಾದೀತು. ಆ ಹುಡುಗನಿಗೆ ತನ್ನ ಬಾಯಲ್ಲಿ ‘ಊ’ ಇದೆಯೆಂದು ಹೇಳಿಕೊಡಬೇಕಾಗಿದ್ದವರು ಕನ್ನಡ ಕಲಿಸುವ ನಮ್ಮ ವರ್ಗದವರು. ಶಾಲೆಯ ವ್ಯಾಕರಣದಲ್ಲಿ ಅವ್ಯಯ ಪ್ರಕರಣದ ಒಂದು ಮೂಲೆಯಲ್ಲಿ ‘ಊ ಎಂಬುದು ಸಮುಚ್ಚಯಾರ್ಥಕ, ಉದಾ: ರಾಮನೂ ಲಕ್ಷ್ಮಣನೂ’ ಎಂದು ಒಂದೂವರೆ ಸಾಲು. ‘ಯಾರೂ’ ಎಂಬುದರಲ್ಲಿಯೂ ‘ಬಂದರೂ’ ಎಂಬುದರಲ್ಲಿಯೂ ಇರುವುದು ಅದೇ ಎಂಬ ಸುಳಿವೇ ಇಲ್ಲ. ಇತ್ತ ಪತ್ರಿಕೆಗಳಲ್ಲಿ, ರೇಡಿಯೋದಲ್ಲಿ, ಸಭೆಗಳಲ್ಲಿ ಆ ‘ಊ’ ತಾನೇ ಸವೆಯುತ್ತಿದೆ. ‘ಮಂತ್ರಿಗಳೂ ಬಂದಿದ್ದರು’ ಎನ್ನುವ ಬದಲು ‘ಮಂತ್ರಿಗಳು ಸಹ ಕೂಡ ಬಂದಿದ್ದರು’ ಎಂಬ ಕನ್ನಡವನ್ನು ನಾನು ಕಿವಿಯಾರೆ ಕೇಳಿದ್ದೇನೆ. ‘ತಂದೆಯೂ ತಾಯಿಯೂ’ ಹೋಗಿ ‘ತಂದೆ ಮತ್ತು ತಾಯಿ’ ಬಂದು ಎಷ್ಟೋ ವರ್ಷವಾಯಿತು. ತನ್ನ 'ಊ'ವನ್ನು ‘ಆಲ್ಸೊ’ ಎಂದು ಕಲಿತವನು ಪರರ ‘ಮೊ’ವನ್ನು ಹಾಗೆ ಕಲಿತರೆ ಆಶ್ಚರ್ಯವೇನು?

ಬೇಕಾಗಿರುವುದು ಒಂದು ಸಣ್ಣ ಕೈಪಿಡಿ. ಅರವತ್ತು ಪುಟ ಸಾಕು. ಜಪಾನೀ ಬಲ್ಲವರೊಬ್ಬರು, ಕನ್ನಡ ವ್ಯಾಕರಣ ಬಲ್ಲವರೊಬ್ಬರು ಎದುರುಬದುರು ಕುಳಿತು ಬರೆಯತಕ್ಕದ್ದು. ಒಬ್ಬರೇ ಬರೆದರೆ ಕೆಡುತ್ತದೆ. ‘ವ’ ಮತ್ತು ‘ಗ’ಗಳ ಕುಖ್ಯಾತ ಜಗಳವನ್ನು ಮೊದಲ ಅಧ್ಯಾಯದಲ್ಲಿ ತರಬಾರದು, ಅಲ್ಲಿ ಕನ್ನಡವೂ ಅಷ್ಟಾಗಿ ನೆರವಾಗುವುದಿಲ್ಲ. ‘ಮೊ’ದಿಂದ ಆರಂಭಿಸಬೇಕು. ಎಡಗಡೆಯ ಪುಟದಲ್ಲಿ ನಾನೂ, ಯಾರೂ, ಯಾವಾಗಲೂ, ಒಬ್ಬನೂ, ಬಂದರೂ, ಆದರೂ. ಎದುರಿಗೆ ಜಪಾನೀ ರೂಪಗಳು. ಬಲಗಡೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಒಂದು ಎಚ್ಚರಿಕೆ: ‘ಮೂವರೂ ಬಂದರು’ ಎಂಬುದಕ್ಕೆ ‘ಸನ್ನಿನ್ ಮೊ ಕಿತ’ ಎಂದು ಬರೆಯಬೇಡಿ.